ಹೋಮರ್ ಬಾಯಲ್ಲಿ ನಿಕ್ಸನ್ ಯಾಕೆ?

ಅಮೆರಿಕದ ಟೀವಿ ಕಾರ್ಟೂನ್ ಸರಣಿ ಸಿಂಪ್ಸನ್ಸ್‌ನ ಮೊದಲ ಕ್ರಿಸ್‌ಮಸ್ ಕಂತಿನಲ್ಲಿ (ಡಿಸೆಂಬರ್ 1989) ಆ ಮನೆಯ ಅಪ್ಪ ಹೋಮರ್ ಸಾಂತಾನ ಹಿಮಸಾರಂಗಗಳ ಹೆಸರು ಹೇಳುವಾಗ ನಿಕ್ಸನ್ ಯಾಕೆ ಬರ್ತಾರೆ ಅಂತ ಕೇಳಿದ್ದೀರಿ. ಅಂಗಡಿಯ ಸಾಂತಾ ಕೆಲಸಕ್ಕೆ ತರಬೇತಿ ನಡೀತಿರುತ್ತೆ. ಹೇಳಬೇಕಾದ್ದು ವಿಕ್ಸನ್, ನಾಲಿಗೆಗೆ ಬಂದದ್ದು ಅಮೆರಿಕದ ಮಾಜಿ ಅಧ್ಯಕ್ಷರು. ಕೊನೆಯ ಡಾನರ್, ಬ್ಲಿಟ್ಜನ್ ಜೋಡಿಯಂತೂ ಡೊನ್ನಾ ಡಿಕ್ಸನ್ ಆಗಿಬಿಡುತ್ತೆ. ಆಕೆ ಎಂಬತ್ತರ ದಶಕದ ನಟಿ.

ನನಗೆ ಅದಕ್ಕಿಂತ ಇಷ್ಟವಾಗೋದು ನಾಯಿ ರೇಸಿಗೆ ಅಪ್ಪನನ್ನು ಹುರಿದುಂಬಿಸುವ ಬಾರ್ಟ್‌ನ ವಾದ. ಕ್ರಿಸ್‌ಮಸ್‌ನಲ್ಲಿ ಬಡಮಕ್ಕಳಿಗೆ ಪವಾಡ ಆಗೇ ಆಗುತ್ತೆ, ಟೀವಿ ಕಲಿಸಿದ್ದೇ ಅದು ಅಂತಾನೆ. ಸಾಕ್ಷಿಗೆ ಟೈನಿ ಟಿಮ್, ಚಾರ್ಲಿ ಬ್ರೌನ್, ಸ್ಮರ್ಫ್‌ಗಳು! ಟಿಮ್ ಅಂದ್ರೆ ಡಿಕನ್ಸ್ 1843ರಲ್ಲಿ ಬರೆದ ಕಥೆಯ ಊರುಗೋಲಿನ ಹುಡುಗ, ಉಳಿದವರು ಕಾರ್ಟೂನಿನವರೇ. ಅಷ್ಟೆಲ್ಲಾ ಹೇಳಿ ದುಡ್ಡು ಕಟ್ಟಿದ ನಾಯಿ ಎಲ್ಲಕ್ಕಿಂತ ಹಿಂದೆ ಬರುತ್ತೆ.