ಗುಡ್ಡ ಕುಸಿದು ಬಿದ್ದ ಗೋಡೆ: ಅರ್ಧ ಪರಿಹಾರಕ್ಕೆ ಸಹಿ ಹಾಕುವ ಮುನ್ನ

ಕುಮಟಾದ ನಿಮ್ಮ ಮನೆಯ ಹಿಂಗೋಡೆ ಗುಡ್ಡ ಕುಸಿದು ಬಿದ್ದಿದ್ದಕ್ಕೆ ವಿಮಾ ಕಂಪನಿ ಅರ್ಧ ಹಣವನ್ನಷ್ಟೇ ಕೊಡುತ್ತಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಇದಕ್ಕೆ ಬಹುಶಃ ಕಾರಣ, ನಿಜವಾದ ಮೌಲ್ಯಕ್ಕಿಂತ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದೀರೆಂಬ ಕಡಿತ. ಪಾಲಿಸಿಯ ಹೆಸರನ್ನು ನೀವು ತಿಳಿಸಿಲ್ಲವಾದ್ದರಿಂದ ಖಚಿತವಾಗಿ ಹೇಳಲಾರೆ. ಆದರೆ ಅದು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ‘ಭಾರತ್ ಗೃಹ ರಕ್ಷಾ’ ಎಂಬ ಮನೆ ವಿಮಾ ಪಾಲಿಸಿ ಆಗಿದ್ದರೆ ಭೂಕುಸಿತಕ್ಕೆ ರಕ್ಷಣೆಯಿದೆ, ಕಟ್ಟಡಕ್ಕೆ ಈ ಕಡಿತ ಅನ್ವಯಿಸುವುದಿಲ್ಲ. ಕಡಲ್ಕೊರೆತ, ನದಿಕೊರೆತಗಳಂಥ ಕೆಲವು ಕಾರಣಗಳು ಅದರ ವ್ಯಾಪ್ತಿಯ ಹೊರಗಿರುವುದರಿಂದ ಸರ್ವೇಯರ್ (ನಷ್ಟವನ್ನು ಪರಿಶೀಲಿಸಿ ಅಂದಾಜು ಮಾಡುವವರು) ವರದಿಯಲ್ಲಿ ಕಾರಣ ಹೇಗೆ ನಮೂದಾಗಿದೆ ಎಂಬುದು ಮುಖ್ಯ.

ಮೊದಲು ಸರ್ವೇಯರ್ ವರದಿಯ ಪ್ರತಿಯನ್ನೂ ಕಡಿತದ ಕಾರಣವನ್ನೂ ಲಿಖಿತವಾಗಿ ಕೇಳಿ. ನಮ್ಮ ಮನೆಯ ವರದಿಯಲ್ಲಿ ಚಿರೆಕಲ್ಲಿನ ಗೋಡೆಯ ಉದ್ದವನ್ನೇ ಕಡಿಮೆ ಬರೆಯಲಾಗಿತ್ತು, ಆದ್ದರಿಂದ ಅಳತೆಗಳನ್ನು ಒಂದೊಂದಾಗಿ ತಾಳೆ ನೋಡಿ, ಬಿದ್ದ ಕಲ್ಲುಗಳನ್ನು ತೆಗೆಸುವ ಮೊದಲೇ ಫೋಟೋ ತೆಗೆದಿಡಿ. 'ಪೂರ್ಣ ಮತ್ತು ಅಂತಿಮ', ಅಂದರೆ ಇನ್ನೇನೂ ಬಾಕಿಯಿಲ್ಲ ಎಂದು ಒಪ್ಪುವ ವೋಚರಿಗೆ ದಯವಿಟ್ಟು ಈಗಲೇ ಸಹಿ ಹಾಕಬೇಡಿ.

ನಂತರ ಕಂಪನಿಯ ಕುಂದುಕೊರತೆ ವಿಭಾಗಕ್ಕೆ ದೂರು ಕೊಡಿ. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ (ವಿಮಾ ದೂರುಗಳನ್ನು ವಿಚಾರಿಸುವ ಅಧಿಕಾರಿ) ಬರೆಯಿರಿ. ಅಲ್ಲಿ ಶುಲ್ಕವೂ ಇಲ್ಲ, ವಕೀಲರೂ ಬೇಕಿಲ್ಲ. ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷಗಳ ಅವಕಾಶವಿದೆಯಾದರೂ, ಅಲ್ಲಿ ಪ್ರಕರಣ ಹೂಡಿದ ಮೇಲೆ ಒಂಬುಡ್ಸ್‌ಮನ್ ನಿಮ್ಮ ದೂರನ್ನು ಸ್ವೀಕರಿಸುವುದಿಲ್ಲ.