ಮುಖವೇ ಏಕೆ ಬೇಕು?

ಪತ್ರ: ಕಳೆದ ಸಂಚಿಕೆಯಲ್ಲಿ ಬರ್ಮಾದ ಕಲಾವಿದ ಮಿನ್ ವೇ ಆಂಗ್ ಅವರನ್ನು ಹೊಗಳಿದ್ದೀರಿ. ಎಲ್ಲ ಚಿತ್ರಗಳಲ್ಲೂ ಅದೇ ಬಂಗಾರದ ಬಯಲು, ಬೆನ್ನು ಹಾಕಿ ನಡೆಯುವ ಅದೇ ಭಿಕ್ಷುಗಳು. ಒಬ್ಬರ ಮುಖವೂ ಕಾಣದು. 2007ರಲ್ಲಿ ಸೇನೆಯೆದುರು ಬೀದಿಗಿಳಿದ ಭಿಕ್ಷುಗಳು ಇವರೇ ಏನು? ಪ್ರವಾಸಿಗರ ಗೋಡೆಗೆ ಒಪ್ಪುವ ಅಲಂಕಾರವಲ್ಲವೇ ಇದು?
– ಓದುಗರೊಬ್ಬರು, ಹಾಸನ

ಉತ್ತರ: ಖಾರವಾಗಿಯೇ ಬರೆದಿದ್ದೀರಿ, ಸಂತೋಷ. ಇಂಥ ಚಿತ್ರಗಳಿಗೆ ವಿದೇಶಿ ಗಿರಾಕಿಗಳು ಹೆಚ್ಚು, ನಕಲು ಮಾಡುವವರೂ ಹುಟ್ಟಿಕೊಂಡಿದ್ದಾರೆ. ಅಷ್ಟನ್ನು ಒಪ್ಪಿದೆ. ಇನ್ನು ನನ್ನ ಸರದಿ.

ಭಿಕ್ಷೆಗೆ ಹೊರಟವರ ಮುಖ ನಿಮಗೇಕೆ ಬೇಕು ಸ್ವಾಮಿ? ಭಿಕ್ಷುಗಳ ನಡವಳಿಕೆಯ ಗ್ರಂಥವಾದ ವಿನಯಪಿಟಕದಲ್ಲಿ ಸೇಖಿಯ ಎಂಬ 75 ನಿಯಮಗಳಿವೆ. ಊರೊಳಗೆ ನಡೆಯುವಾಗ ಕಣ್ಣು ಕೆಳಗಿರಬೇಕು, ಗಟ್ಟಿಯಾಗಿ ನಗಬಾರದು, ಕೈ ಬೀಸಬಾರದು. ಅನ್ನ ಬೀಳುವಾಗ ಗಮನ ಪಾತ್ರೆಯಲ್ಲೇ ಇರಬೇಕು. ಸಾಲಿನಲ್ಲಿ ಹಿರಿತನ ವಯಸ್ಸಿನದಲ್ಲ, ದೀಕ್ಷೆಯದು. ಐವತ್ತಕ್ಕೆ ಚೀವರ, ಅಂದರೆ ಭಿಕ್ಷುವಿನ ಬಟ್ಟೆ, ತೊಟ್ಟ ನಿವೃತ್ತ ಗುಮಾಸ್ತ ತನಗಿಂತ ಮೊದಲು ದೀಕ್ಷೆ ಪಡೆದ ಇಪ್ಪತ್ತೈದರ ಹುಡುಗನ ಹಿಂದೆ ನಡೆಯಬೇಕು. ಪಡೆದವರು ಕೃತಜ್ಞತೆ ಹೇಳುವ ರೂಢಿಯಿಲ್ಲ, ಕೈಮುಗಿಯುವವರು ಕೊಟ್ಟವರೇ. ‘ನಾನು’ ಎಂಬುದನ್ನು ಇಷ್ಟು ಪಾಡುಪಟ್ಟು ಸವೆಸುವ ಬದುಕನ್ನು ಹಿಂದಿನಿಂದ ಬರೆಯದೆ ಇನ್ನು ಹೇಗೆ ಬರೆಯಬೇಕಿತ್ತು?

ಎಲ್ಲರೂ ಒಂದೇ ಎನ್ನುತ್ತೀರಿ. ಇನ್ನೊಮ್ಮೆ ಪುಟ ತೆರೆದು ಹಿಮ್ಮಡಿಗಳನ್ನು ನೋಡಿ, ಭುಜದ ಮೇಲೆ ಚೀವರ ಮಡಿಕೆ ಬಿದ್ದ ಬಗೆ ನೋಡಿ. ಮರವಿಲ್ಲ, ಮನೆಯಿಲ್ಲ, ದಿಗಂತವಿಲ್ಲ. ಕಾಲಬುಡದ ನೆರಳೊಂದೇ ಅವರನ್ನು ನೆಲದ ಮೇಲೆ ನಿಲ್ಲಿಸಿರುವುದು. ಬರ್ಮಾದ ಐರಾವತಿ ನದಿಯ ಮುಖಜಭೂಮಿಯ ದನುಬ್ಯು ಎಂಬ ಊರಿನಲ್ಲಿ 1960ರಲ್ಲಿ ಹುಟ್ಟಿದವರು ಈ ಕಲಾವಿದರು. ಈ ಕಾಲುಗಳನ್ನು ಅವರು ಕಂಡಿದ್ದು ಪ್ರವಾಸಿಗರ ಕಣ್ಣಿನಿಂದಲ್ಲ.

2007ರ ಮಾತು ನೀವೇ ಎತ್ತಿದ್ದೀರಿ, ಒಳ್ಳೆಯದಾಯಿತು. ಆ ಸೆಪ್ಟೆಂಬರಿನಲ್ಲಿ ಭಿಕ್ಷುಗಳು ಸೇನಾಧಿಕಾರಿಗಳ ಮತ್ತು ಅವರ ಮನೆಯವರ ಭಿಕ್ಷೆಯನ್ನೇ ನಿರಾಕರಿಸಿದರು. ಪಾತ್ರೆ ಮಗುಚಿ ಹಿಡಿದರು. ದಾನ ಮಾಡಿ ಪುಣ್ಯ ಗಳಿಸುವ ದಾರಿಯೇ ಜನರಲ್‌ಗಳಿಗೆ ಮುಚ್ಚಿತು. ಆಮೇಲೆ ಗುಂಡೂ ಹಾರಿತು, ರಾತ್ರೋರಾತ್ರಿ ಸೈನಿಕರು ವಿಹಾರಗಳಿಗೂ ನುಗ್ಗಿದರು. ದಿನಾ ಬೆಳಿಗ್ಗೆ ಪಾತ್ರೆ ಹಿಡಿದು ನಡೆಯುವುದಕ್ಕೆ ಬೆಲೆಯಿಲ್ಲದಿದ್ದರೆ ಅದನ್ನು ಮಗುಚಿದ್ದಕ್ಕೆ ಅಷ್ಟು ಸಿಟ್ಟೇಕೆ ಬರಬೇಕಿತ್ತು?

ಮುಖದ ಹಸಿವು ನಿಮ್ಮೊಬ್ಬರದಲ್ಲ ಬಿಡಿ. ಬರ್ಮಾದ ಅಮರಪುರದ ಮಹಾಗಂಧಾಯೋನ್ ವಿಹಾರದಲ್ಲಿ ಭಿಕ್ಷುಗಳು ಊಟಕ್ಕೆ ಸಾಲುಗಟ್ಟಿದರೆ ಇಕ್ಕೆಲದಲ್ಲೂ ಕ್ಯಾಮೆರಾಗಳ ಜಾತ್ರೆ. ನಮ್ಮ ಬೈಲಕುಪ್ಪೆಯ ಟಿಬೆಟನ್ನರದು ಬೇರೆಯೇ ಪರಂಪರೆ. ಎದುರು ಹಿಡಿಯುವ ಮೊಬೈಲ್ ಮಾತ್ರ ಅದೇ. ಪತ್ರಿಕೆಯವರೂ ಸಾಚಾಗಳಲ್ಲ. ಬುದ್ಧಪೂರ್ಣಿಮೆ ಬಂತೆಂದರೆ ಮುಖಪುಟಕ್ಕೆ ನಗುವ ಬಾಲಭಿಕ್ಷುವೇ ಆಗಬೇಕು. ಆ ಮಗುವನ್ನು ಕೇಳಿ ತೆಗೆದದ್ದೇ ಎಂದು ಯಾರೂ ವಿಚಾರಿಸುವುದಿಲ್ಲ. ಪತ್ರದೊಡನೆ ನೀವು ಕಳುಹಿಸಿದ ಫೋಟೋ, ತಂಪು ಪಾನೀಯ ಹೀರುತ್ತಿರುವ ಪುಟ್ಟ ಲಾಮಾನದು, ಚೆನ್ನಾಗಿ ಬಂದಿದೆ. ಪ್ರಕಟಿಸುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ.
– ಸಂಪಾದಕ