ಟೌನ್ ಹಾಲ್ ಯಾರ ನೆನಪಿಗೆ?

ಮೈಸೂರಿನ ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ 'ರಂಗಾಚಾರ್ಲು ಸ್ಮಾರಕ ಭವನ' ಅಂತ ಹಾಕಿದ್ದೀರಿ. ಅದು ಟೌನ್ ಹಾಲ್ ಅಂತ ಗೊತ್ತಾಗೋಕೆ ನನಗೇ ಎರಡು ನಿಮಿಷ ಬೇಕಾಯ್ತು. ಯಾರೂ ಕರೆಯದ ಹೆಸರು ಯಾಕೆ? ಹಾಗಾದರೆ ಚಿಕ್ಕ ಗಡಿಯಾರಕ್ಕೂ ಡಫರಿನ್ ಹೆಸರು ಹಾಕ್ತೀರಾ?"

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಖುಷಿಯಾಯಿತು. ಊರಿನ ಒಂದು ಹೆಸರಿಗಾಗಿ ಕೂತು ಕಾಗದ ಬರೆಯುವವರು ಈಗ ಎಲ್ಲಿ ಸಿಗುತ್ತಾರೆ, ಹೇಳಿ.

ಮೊದಲು ಡಫರಿನ್ ವಿಷಯ. 1886ರಲ್ಲಿ ವೈಸರಾಯ್ ಮೈಸೂರಿಗೆ ಬಂದುಹೋದ ನೆನಪಿಗೆ ಆ ಗೋಪುರ ಕಟ್ಟಿದರು. ದೇವರಾಜ ಮಾರುಕಟ್ಟೆಗೆ ವೀಳ್ಯದೆಲೆ, ಮಲ್ಲಿಗೆ ತರಲು ಬಂದವರು ಅದನ್ನು ಚಿಕ್ಕ ಗಡಿಯಾರ ಎಂದರು. ಅದೇ ಉಳಿಯಿತು. ಬಂದುಹೋದ ಅತಿಥಿಯ ಹೆಸರು ಮರೆತರೆ ಊರಿಗೇನೂ ನಷ್ಟವಿಲ್ಲ. ನಾವೂ ಚಿಕ್ಕ ಗಡಿಯಾರ ಎಂದೇ ಬರೆಯುತ್ತೇವೆ.

ರಂಗಾಚಾರ್ಲು ಅವರ ಮಾತು ಬೇರೆ. 1881ರಲ್ಲಿ ಬ್ರಿಟಿಷರು ಮೈಸೂರನ್ನು ಒಡೆಯರಿಗೆ ಮರಳಿಸಿದಾಗ ದಿವಾನರಾದವರು ಅವರು. 1876–78ರ ಬರದಲ್ಲಿ ಜನ ಲಕ್ಷಗಟ್ಟಲೆ ಸತ್ತಿದ್ದರು. ಸಂಸ್ಥಾನದ ತಲೆ ಮೇಲೆ 80 ಲಕ್ಷ ರೂಪಾಯಿ ಸಾಲವಿತ್ತು. ಅಂಥ ಹೊತ್ತಿನಲ್ಲಿ, 1881ರ ದಸರೆಯಲ್ಲೇ, ಊರೂರಿನಿಂದ 144 ಜನರನ್ನು ಕರೆಸಿ ಪ್ರಜಾಪ್ರತಿನಿಧಿ ಸಭೆ ಕೂರಿಸಿದರು. ಅಕ್ಟೋಬರ್ 7ರಂದು ರೈತರು, ವ್ಯಾಪಾರಿಗಳ ಮುಂದೆ ದಿವಾನರು ಸರ್ಕಾರದ ಲೆಕ್ಕ ಒಪ್ಪಿಸಿದರು. ಸಭೆಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ ನಿಜ. ಬಂದವರು ಜನ ಆರಿಸಿ ಕಳಿಸಿದವರೂ ಅಲ್ಲ. ಆದರೂ ಇಷ್ಟು ಬಂತು, ಇಷ್ಟು ಖರ್ಚಾಯಿತು ಅಂತ ಪ್ರಜೆಗಳಿಗೆ ಹೇಳಬೇಕು ಅನ್ನಿಸಿತಲ್ಲ, ನನಗೆ ಅದು ಬಹಳ ದೊಡ್ಡದು. ಅವರು ಇನ್ನೊಂದು ದಸರೆಯ ಸಭೆ ಕಂಡರು, ಅಷ್ಟೆ. 1883ರ ಜನವರಿಯಲ್ಲಿ ತೀರಿಕೊಂಡರು. ಮರುವರ್ಷ ಅವರ ನೆನಪಿಗೆ ಎದ್ದದ್ದು ಈ ಹಾಲ್.

ಸುತ್ತ ಒಮ್ಮೆ ನೋಡಿ. ಒಂದು ಕಡೆ ಅರಮನೆ. ಚಾಮರಾಜ ವೃತ್ತದಲ್ಲಿ ಒಬ್ಬ ಅರಸರು, ಕೆ.ಆರ್. ವೃತ್ತದಲ್ಲಿ ಅವರ ಮಗ. ಪಕ್ಕದಲ್ಲೇ ದೊಡ್ಡ ಗಡಿಯಾರ. ನಾಲ್ವಡಿಯವರು ಆಡಳಿತ ವಹಿಸಿಕೊಂಡು 25 ವರ್ಷ ತುಂಬಿದ್ದಕ್ಕೆ 1927ರಲ್ಲಿ ಕಟ್ಟಿದ 75 ಅಡಿ ಎತ್ತರದ ಗೋಪುರ. ಮುಂದಿನ ಸಲ ಅಲ್ಲಿ ಬಸ್ಸಿಗೆ ಕಾಯುವಾಗ ಕತ್ತೆತ್ತಿ ನೋಡಿ, ಗಂಟೆಗಳೆಲ್ಲ ಕನ್ನಡ ಅಂಕಿಯಲ್ಲಿವೆ. ಚಿಕ್ಕವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ನಾನು ೭ ಮತ್ತು ೬ ಯಾವುದು ಯಾವುದು ಅಂತ ಕಲಿತದ್ದು ಅಲ್ಲೇ.

ಇಷ್ಟೆಲ್ಲದರ ನಡುವೆ ಒಬ್ಬ ನೌಕರನ ನೆನಪಿಗೆ ನಿಂತದ್ದು ಟೌನ್ ಹಾಲ್. ಅದೂ ಮೂರ್ತಿಯಲ್ಲ, ಜನ ಒಳಗೆ ಬಂದು ಕೂರುವ ಜಾಗ. ಅದರ ಮುಂದೆ ಈಗ ಅಂಬೇಡ್ಕರ್ ಪ್ರತಿಮೆ ಇದೆ. ಏಪ್ರಿಲ್ 14ಕ್ಕೆ ಅಲ್ಲಿ ಹಾರಗಳ ರಾಶಿ ಬೀಳುತ್ತದೆ. ಉಳಿದ ದಿನ ಯಾರೋ ಒಬ್ಬರು ಬ್ಯಾನರ್ ಹಿಡಿದು, ಮೈಕ್ ಹಾಕಿ, ಸರ್ಕಾರಕ್ಕೆ ಲೆಕ್ಕ ಕೇಳುತ್ತಿರುತ್ತಾರೆ. ಆ ಹಾಲ್ ಬೆನ್ನಿಗಿರುವುದು ನನಗೆ ಸುಮ್ನೆ ಕಾಕತಾಳೀಯ ಅನ್ನಿಸುವುದೇ ಇಲ್ಲ.

ಇನ್ನೊಂದು ಭಯವೂ ಇದೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ಹಳೇ ಪುಸ್ತಕಕ್ಕೆ ನಾವೆಲ್ಲ ಎಡತಾಕುತ್ತಿದ್ದ ಜಾಗ. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಹೆಸರು ಹೋದರೂ ಕಟ್ಟಡ ಇರುತ್ತೆ ಅನ್ನೋ ಧೈರ್ಯ ನನಗಿಲ್ಲ.

ಗೊಂದಲ ಆದದ್ದು ಮಾತ್ರ ನಮ್ಮ ತಪ್ಪು. ಇನ್ನು ಮೇಲೆ ಟೌನ್ ಹಾಲ್ ಎಂದೇ ಹಾಕಿ, ಪಕ್ಕದಲ್ಲಿ ರಂಗಾಚಾರ್ಲು ಹೆಸರನ್ನೂ ಸೇರಿಸುತ್ತೇವೆ. ಹುಟ್ಟಿನಿಂದ ಮೈಸೂರಿನವರಾದ ನಿಮ್ಮ ಹತ್ತಿರ ಆ ಹಾಲ್‌ನ ಹಳೇ ಫೋಟೋ ಇದ್ದರೆ ಕಳಿಸಿ. ಜೋಪಾನವಾಗಿ ವಾಪಸ್ ಮಾಡುತ್ತೇವೆ.